ಬೋರಮ್ಮನ ಅನುಮಾನ

ಮಾರೇನಹಳ್ಳಿಯಲ್ಲಿ ಬೋರಮ್ಮ ಎಂಬ ಹೆಸರಿನವರು ಇಬ್ಬರಿದ್ದರು. ಒಬ್ಬಳು ಬಾವಿಮನೆ ಬೋರಮ್ಮ. ಇನ್ನೊಬ್ಬಳು ಅನುಮಾನದ ಬೋರಮ್ಮ. ಇದು ಎರಡನೆಯವಳ ಕಥೆ.

ಅವಳ ಅನುಮಾನಕ್ಕೆ ಇಂಥವರೇ ಅಂತ ಇರಲಿಲ್ಲ. ಸೀಮೆಎಣ್ಣೆ ಅಳೆಯುವವನ ಡಬ್ಬಿಯನ್ನು ಕೈಯಿಂದ ಕಿತ್ತುಕೊಂಡು, ತಿರುಗಿಸಿ, ತಳ ಒಳಕ್ಕೆ ಬಡಿದಿದ್ದಾನೋ ಎಂದು ನೋಡುತ್ತಿದ್ದಳು. ಬೆಣ್ಣೆ ಮಾರಲು ಬಂದವಳ ಉಂಡೆಗೆ ಕಡ್ಡಿ ಚುಚ್ಚುತ್ತಿದ್ದಳು. ಬಸ್ಸಿನ ಕಂಡಕ್ಟರ್ ಚೀಟಿ ಹರಿದು ಕೊಟ್ಟರೆ ಪಕ್ಕದವರ ಚೀಟಿಗೆ ಹೋಲಿಸಿ ನೋಡುತ್ತಿದ್ದಳು, ಓದಲು ಬರದಿದ್ದರೂ. ಊರವರು ನಗುತ್ತಿದ್ದರು. ಆದರೆ ಆಗಾಗ ಅವಳು ಹೇಳಿದ್ದೇ ನಿಜವಾಗುತ್ತಿತ್ತು. ಅದರಿಂದ ಅವಳ ಧೈರ್ಯ ಇನ್ನಷ್ಟು ಹೆಚ್ಚುತ್ತಿತ್ತು.

ಗಂಡ ಅಂಜಿನಯ್ಯ ಇದಕ್ಕೆ ಪೂರ್ತಿ ವಿರುದ್ಧ. ಯಾರು ಏನು ಹೇಳಿದರೂ ‘ಆಯ್ತು ಬಿಡಿ’ ಅನ್ನುವ ಮನುಷ್ಯ. ಅಣ್ಣ ಕೆಂಚಪ್ಪ ಮನೆಯನ್ನು ಪಾಲು ಮಾಡೋಣ ಎಂದಾಗಲೂ ಹಾಗೇ ಅಂದಿದ್ದ. ಹಜಾರದ ನಡುವೆ ಗೋಡೆ ಎದ್ದಿತು. ಅಂಗಳ ಮಾತ್ರ ಇಬ್ಬರಿಗೂ ಸೇರಿದ್ದಾಗಿ ಉಳಿಯಿತು. ಗೋಡೆಯ ಆ ಕಡೆ ಕೆಂಚಪ್ಪ ಮತ್ತು ಅವನ ಹೆಂಡತಿ ಲಕ್ಷ್ಮಿದೇವಮ್ಮ, ಈ ಕಡೆ ಇವರಿಬ್ಬರು. ಇವರ ಒಬ್ಬಳೇ ಮಗಳನ್ನು ತಾವರೆಕೆರೆಗೆ ಕೊಟ್ಟಾಗಿತ್ತು.

ಸಾವಿರದ ಒಂಬೈನೂರ ಎಪ್ಪತ್ತರ ಹೊತ್ತಿಗೆ ವಿಜಯನಗರದ ಬಡಾವಣೆ ಅವರ ಹೊಲದ ಬದುವಿಗೆ ಬಂದು ನಿಂತಿತು. ಮರುವರ್ಷ ಹೊಲವೇ ಬಡಾವಣೆಯಾಯಿತು. ರಾಗಿ ತೆನೆ ತೂಗುತ್ತಿದ್ದ ಕಡೆ ಮೂಲೆಗಲ್ಲುಗಳು ಬಂದವು. ಕೆಂಚಪ್ಪ ಎಮ್ಮೆ ಕಟ್ಟಿ ಹೊಸ ಮನೆಗಳಿಗೆ ಹಾಲು ಹಾಕತೊಡಗಿದ. ಅಂಜಿನಯ್ಯನಿಗೆ ನೇಗಿಲು ಬಿಟ್ಟರೆ ಬೇರೆ ಕೆಲಸ ಗೊತ್ತಿರಲಿಲ್ಲ. ಯಾರೋ ಹೇಳಿದರೆಂದು ಕಾಮಾಕ್ಷಿಪಾಳ್ಯದ ಆಚೆಯ ಮಿಲ್ಲಿಗೆ ಸೇರಿಕೊಂಡ.

ಅದು ಕಲ್ಲು ಬೀಸುವ ಮಿಲ್ಲು. ಲಾರಿಗಳಲ್ಲಿ ಬೆಣಚುಕಲ್ಲು ಬರುತ್ತಿತ್ತು. ಅದನ್ನು ಒಡೆದು, ಬೀಸಿ, ಜರಡಿ ಹಿಡಿದು ಚೀಲಕ್ಕೆ ತುಂಬುತ್ತಿದ್ದರು. ತರಿತರಿಯಾದದ್ದು ರಂಗೋಲಿಗೆ, ಹಿಟ್ಟಿನಂತೆ ನುಣ್ಣಗಿದ್ದದ್ದು ಪಾತ್ರೆ ತಿಕ್ಕುವ ಪುಡಿ ಮಾಡುವವರಿಗೆ. ಷೆಡ್ಡಿಗೆ ಕಿಟಕಿಗಳಿರಲಿಲ್ಲ, ಗಾಳಿಗೆ ಪುಡಿ ಹಾರಿ ನಷ್ಟವಾಗುತ್ತದೆಂದು ಸಂದಿಗಳಿಗೂ ಗೋಣಿ ತುರುಕಿದ್ದರು. ಬಾಗಿಲ ಮೇಲಿನ ಬೋರ್ಡಿನಲ್ಲಿ ಏನೋ ಹೆಸರಿತ್ತು, ಪುಡಿ ಕೂತು ಅದು ಕಾಣುತ್ತಿರಲಿಲ್ಲ. ಜನ ‘ಬಿಳೀ ಮಿಲ್ಲು’ ಎಂದರು, ಅದೇ ಉಳಿಯಿತು.

ಅಂಜಿನಯ್ಯನಿಗೆ ಜರಡಿಯ ಕೆಲಸ. ಸಂಜೆ ಮನೆಗೆ ಬಂದರೆ ರೆಪ್ಪೆ, ಮೀಸೆ, ಕಿವಿ ಎಲ್ಲ ಬೆಳ್ಳಗೆ. ‘ವಿಭೂತಿ ಬಳ್ಕೊಂಡು ಪೂಜೆ ಮಾಡ್ಸಕ್ಕೆ ಹೋಗಿದ್ದೋರು ಬಂದ್ರು ನೋಡಿ’ ಎಂದು ಬೋರಮ್ಮ ನಗುತ್ತಿದ್ದಳು. ಅಂಗಳದಲ್ಲಿ ನಿಂತು ಅವನ ಅಂಗಿ ಕೊಡವುತ್ತಿದ್ದಳು. ಪುಡಿ ಹಾರಿ ಅವಳಿಗೂ ಒಂದಿಷ್ಟು ಕೆಮ್ಮು ಬರುತ್ತಿತ್ತು. ಎಲ್ಲದರ ಬಗ್ಗೆಯೂ ಅನುಮಾನ ಪಡುತ್ತಿದ್ದ ಹೆಂಗಸು ಆ ಪುಡಿಯ ಬಗ್ಗೆ ಮಾತ್ರ ಏನೂ ಯೋಚಿಸಲಿಲ್ಲ. ದಿನಾ ಬೆಳಿಗ್ಗೆ ಎಲ್ಲರೂ ಮನೆ ಮುಂದೆ ಹಾಕುವ ಪುಡಿ ಅದು. ಅದನ್ನು ಅನುಮಾನಿಸುವುದು ಯಾಕೆ?

ಎಪ್ಪತ್ತನಾಲ್ಕರ ಅವರೆಕಾಯಿ ಕಾಲ. ಲಕ್ಷ್ಮಿದೇವಮ್ಮ ಹಿದಕಿದವರೆ ಸಾರು ಮಾಡಿ, ಮೈದುನನಿಗೆ ಇಷ್ಟ ಅಂತ ಬಟ್ಟಲಲ್ಲಿ ತಂದುಕೊಟ್ಟಳು. ಅಂಜಿನಯ್ಯ ಮುದ್ದೆ ಮುರಿದು ತೃಪ್ತಿಯಾಗಿ ತಿಂದ. ಮಾರನೆಯ ವಾರ ನೀರಿನ ಕೊಡ ಎತ್ತಿಕೊಂಡು ಮೆಟ್ಟಿಲು ಹತ್ತುವಾಗ ಅರ್ಧದಲ್ಲೇ ಕೂತುಬಿಟ್ಟ.

‘ಯಾಕೋ ಏದುಸ್ರು ಬತ್ತದೆ ಕಣಮ್ಮಿ.’

ಆಮೇಲೆ ಕೆಮ್ಮು ಬಂತು. ಒಣ ಕೆಮ್ಮು, ಎಷ್ಟು ಕೆಮ್ಮಿದರೂ ಏನೂ ಬೀಳದ ಕೆಮ್ಮು. ಯುಗಾದಿ ಹೊತ್ತಿಗೆ ಪಂಚೆ ಸೊಂಟದಲ್ಲಿ ನಿಲ್ಲದಷ್ಟು ಇಳಿದುಹೋದ. ಮಿಲ್ಲಿಗೆ ಹೋಗುವುದನ್ನು ಮಾತ್ರ ಬಿಡಲಿಲ್ಲ. ಬೋರಮ್ಮ ಹಿಂದಿನದನ್ನೆಲ್ಲ ನೆನೆಸಿಕೊಂಡು ಲೆಕ್ಕ ಹಾಕಿದಳು. ಚೆನ್ನಾಗಿದ್ದ ಗಂಡಸು ಯಾವತ್ತಿನಿಂದ ಕೆಟ್ಟ? ಸಾರು ತಿಂದ ಮೇಲೆ. ಸಾರು ಕೊಟ್ಟವಳು ಯಾರು? ಓರಗಿತ್ತಿ. ಮೈದುನ ಹೋದರೆ ಅರ್ಧ ಮನೆ ಯಾರಿಗೆ?

‘ಮದ್ದು ಹಾಕವ್ರೆ’ ಎಂದಳು ಗಂಡನ ಕಿವಿಯಲ್ಲಿ.

‘ಅತ್ಗೆ ಅಂಥೋಳಲ್ಲ ಬಿಡು’ ಎಂದ ಅಂಜಿನಯ್ಯ.

‘ನಿಮಗೆ ಯಾರೂ ಅಂಥೋರಲ್ಲ.’

ಊಟದಲ್ಲಿ ಮದ್ದಿಟ್ಟರೆ ಅದು ಹೊಟ್ಟೆಯಲ್ಲಿ ಅಂಟಿಕೊಂಡು ಮನುಷ್ಯನನ್ನು ಒಳಗಿಂದಲೇ ಒಣಗಿಸುತ್ತದೆಂದು ಆ ಕಡೆ ಎಲ್ಲರೂ ನಂಬಿದ್ದರು. ಮದ್ದು ತೆಗೆಯುವವರೂ ಇದ್ದರು. ಕೆಂಗೇರಿ ದಾಟಿದ ಮೇಲೆ ಒಂದು ಹಳ್ಳಿಯಲ್ಲಿ ಮುನಿಯಣ್ಣ ಎಂಬ ಮುದುಕ ತೆಗೆಯುತ್ತಾನೆಂದು ಕೇಳಿ, ಬೋರಮ್ಮ ಗಂಡನನ್ನು ಬಸ್ಸಿನಲ್ಲಿ ಕರೆದುಕೊಂಡು ಹೋದಳು. ಬಸ್ಸಿಳಿದ ಮೇಲೆ ಸ್ವಲ್ಪ ದೂರ ನಡೆಯಬೇಕಿತ್ತು. ಅಂಜಿನಯ್ಯ ದಾರಿಯುದ್ದಕ್ಕೂ ಮರ ಮರಕ್ಕೂ ಒರಗಿ ನಿಂತ.

ಮುನಿಯಣ್ಣ ಯಾವುದೋ ಸೊಪ್ಪಿನ ರಸವನ್ನು ಮಜ್ಜಿಗೆಯಲ್ಲಿ ಕಲಸಿ ಕುಡಿಸಿದ. ಅಂಜಿನಯ್ಯ ಮಣ್ಣಿನ ಬಾನಿಯೊಳಗೆ ಕರುಳು ಕಿತ್ತು ಬರುವಂತೆ ವಾಂತಿ ಮಾಡಿದ. ಮುದುಕ ಕಡ್ಡಿಯಿಂದ ಕೆದಕಿ ಬೂದುಬಣ್ಣದ ಒಂದು ಸಣ್ಣ ಮುದ್ದೆಯನ್ನು ಎತ್ತಿ ತೋರಿಸಿದ. ಅದರಲ್ಲಿ ಕೂದಲಿತ್ತು.

‘ನೋಡವ್ವ. ಎಷ್ಟು ದಿನದ್ದೋ ಇದು. ನಿಮ್ಮನೆ ಗೋಡೆಗೆ ಅಂಟ್ಕಂಡಿರೋ ಮನೆ ಯಾರ್ದು?’

ಬೋರಮ್ಮನಿಗೆ ಬೇಕಾಗಿದ್ದ ಮಾತು ಅದೇ. ಬೇರೆ ದಿನವಾಗಿದ್ದರೆ ಆ ಮುದ್ದೆ ಮುದುಕನ ಬೆರಳ ಸಂದಿಯಿಂದ ಬಂತೋ ಎಂದು ಅವನ ಕೈ ಬಿಚ್ಚಿಸಿ ನೋಡುತ್ತಿದ್ದಳು. ಅಂದು ನೋಡಲಿಲ್ಲ.

ಮನೆಗೆ ಬಂದವಳೇ ಅಂಗಳದಲ್ಲಿ ನಿಂತು ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ‘ಯಾರ್ ಯಾರಿಗೆ ಏನೇನು ತಿನ್ಸವ್ರೆ ಅಂತ ದೇವ್ರು ಇವತ್ತು ತೋರ್ಸವ್ನೆ! ಅರ್ಧ ಮನೆ ಸಾಲ್ಲಿಲ್ವಾ? ನನ್ನ ತಾಳಿಗೂ ಕೈ ಹಾಕ್ಬೇಕಾಗಿತ್ತಾ?’

ಲಕ್ಷ್ಮಿದೇವಮ್ಮ ಸಗಣಿ ಕೈಯಲ್ಲೇ ಹೊರಗೆ ಬಂದಳು. ಮೊದಲು ಅವಳಿಗೆ ಅರ್ಥವಾಗಲಿಲ್ಲ. ಅರ್ಥವಾದ ಮೇಲೂ ಅವಳು ಜಗಳಕ್ಕೆ ಇಳಿಯಲಿಲ್ಲ. ಬಚ್ಚಲಿಗೆ ಹೋಗಿ ತಲೆಯ ಮೇಲೆ ತಣ್ಣೀರು ಸುರಿದುಕೊಂಡು, ಒದ್ದೆ ಸೀರೆಯಲ್ಲೇ ಊರಮ್ಮನ ಗುಡಿಗೆ ನಡೆದಳು. ಅರ್ಧ ಊರು ಹಿಂದೆ ಹೋಯಿತು. ಗುಡಿಯ ಮುಂದೆ ಕರ್ಪೂರ ಹಚ್ಚಿ ಅಂಗೈ ಮೇಲಿಟ್ಟುಕೊಂಡು, ‘ನಾನು ಮದ್ದು ಹಾಕಿದ್ರೆ ನನ್ನ ಕಣ್ಣು ಹೋಗ್ಲಿ, ನನ್ನ ವಂಶ ಹೋಗ್ಲಿ’ ಎಂದು ಆಣೆ ಮಾಡಿದಳು. ಅಂಗೈಯಲ್ಲಿ ಬೊಬ್ಬೆ ಎದ್ದಿತು.

‘ಮಾಡಿರೋರೇ ಜೋರಾಗಿ ಆಣೆ ಮಾಡೋದು’ ಎಂದಳು ಬೋರಮ್ಮ.

ಆ ವಾರವೇ ಕೆಂಚಪ್ಪ ಅಂಗಳದ ನಡುವೆಯೂ ಗೋಡೆ ಹಾಕಿಸಿದ. ಅಂಜಿನಯ್ಯ ಜಗುಲಿಯ ಮೇಲೆ ಕೂತು, ಗಾರೆಯವನು ಇಟ್ಟಿಗೆ ಜೋಡಿಸುವುದನ್ನು ನೋಡುತ್ತ ಕೆಮ್ಮಿದ. ಮದ್ದು ತೆಗೆಸಿದ್ದರೂ ಕೆಮ್ಮು ಹೋಗಿರಲಿಲ್ಲ.

ಎರಡು ತಿಂಗಳು ಕಾದು, ಬೋರಮ್ಮ ಅವನನ್ನು ವಿಜಯನಗರದ ಗೋಪೀನಾಥ ಡಾಕ್ಟರ ಕ್ಲಿನಿಕ್ಕಿಗೆ ಕರೆದೊಯ್ದಳು. ಡಾಕ್ಟರು ಒಳ್ಳೆಯವರು. ಎದೆಗೆ ಕೊಳವೆ ಇಟ್ಟು ಕೇಳಿ, ಕಣ್ಣರೆಪ್ಪೆ ಎಳೆದು ನೋಡಿ, ‘ಟೀಬಿ ಇರಬೇಕಮ್ಮ. ಇಂಜೆಕ್ಷನ್ ಶುರು ಮಾಡೋಣ. ತಟ್ಟೆ ಲೋಟ ಬೇರೆ ಇಡಿ’ ಎಂದರು. ಹೇಗೋ ಕಷ್ಟಪಟ್ಟು ಉಗುಳಿದ ಚೂರು ಕಫವನ್ನು ಪರೀಕ್ಷೆಗೆ ಕಳಿಸಿದರೆ ರೋಗದ ಹುಳ ಕಾಣಿಸಲಿಲ್ಲ. ಒಮ್ಮೊಮ್ಮೆ ಕಾಣಿಸುವುದಿಲ್ಲ ಎಂದು ಡಾಕ್ಟರು ಇಂಜೆಕ್ಷನ್ ಮುಂದುವರಿಸಿದರು.

ಇಷ್ಟು ದಿನ ಊರನ್ನೆಲ್ಲ ಅನುಮಾನಿಸುತ್ತಿದ್ದ ಬೋರಮ್ಮನನ್ನು ಈಗ ಊರು ಅನುಮಾನಿಸತೊಡಗಿತು. ನಲ್ಲಿಯ ಹತ್ತಿರ ಅವಳು ಬಂದರೆ ಹೆಂಗಸರು ಕೊಡಗಳನ್ನು ಪಕ್ಕಕ್ಕೆ ಎಳೆದುಕೊಳ್ಳುತ್ತಿದ್ದರು. ಟೀ ಅಂಗಡಿಯವನು ಅಂಜಿನಯ್ಯನಿಗೆಂದು ಬಾಯಿ ಒಡೆದ ಒಂದು ಗಾಜಿನ ಲೋಟ ಬೇರೆ ಇಟ್ಟ. ಮಗಳು ಬಾಣಂತನಕ್ಕೆ ಬರಬೇಕಿತ್ತು, ಬೀಗರು ಕಳಿಸಲಿಲ್ಲ. ‘ಅವಳ ಬಾಯಿಗೆ ತಕ್ಕ ಶಾಸ್ತಿ’ ಎಂದು ಯಾರೋ ಅಂದದ್ದು ಅವಳ ಕಿವಿಗೂ ಬಿತ್ತು. ಮನೆಗೆ ಬಂದು ಸೌದೆ ಒಲೆಯ ಮುಂದೆ ಕೂತು ಅತ್ತಳು. ಅಳುತ್ತಲೇ, ಇಂಜೆಕ್ಷನ್ ಸೀಸೆಯಲ್ಲಿ ನೀರು ಬೆರೆಸಿದ್ದಾರೋ ಹೇಗೆ ಎಂದೂ ಯೋಚಿಸಿದಳು.

ಅಂಜಿನಯ್ಯ ಈಗ ಮಿಲ್ಲಿಗೆ ಹೋಗಲಾರದೆ ಮನೆಯಲ್ಲೇ ಇದ್ದ. ಒಂದು ಮಧ್ಯಾಹ್ನ ಬೀದಿಯ ತುದಿಯಲ್ಲಿ ಕಾರು ನಿಂತಿತು. ಮಿಲ್ಲಿನ ಯಜಮಾನ ಚಕ್ರಪಾಣಿ ಇಳಿದು ಬಂದ. ತೆಳ್ಳಗಿನ, ಮೃದು ಮಾತಿನ ಮನುಷ್ಯ. ಕೈಯಲ್ಲಿ ಮೋಸಂಬಿಯ ಪೊಟ್ಟಣ.

‘ಹೇಗಿದ್ದೀಯಪ್ಪಾ ಅಂಜಿನಯ್ಯ? ಏಳಬೇಡ, ಏಳಬೇಡ.’ ಹೊಸ್ತಿಲಾಚೆಯೇ ನಿಂತು ಬೋರಮ್ಮನ ಕಡೆ ತಿರುಗಿದ. ‘ಟೀಬಿ ಅಂತೆ ಅಲ್ಲವೇನಮ್ಮಾ? ಏನು ಮಾಡೋದು, ಮೈಯಲ್ಲಿ ಇದ್ದದ್ದು ಹೊರಗೆ ಬರತ್ತೆ. ಯಾವ ಡಾಕ್ಟರ ಹತ್ತಿರ ತೋರಿಸ್ತಾ ಇದೀರಿ?’

‘ವಿಜಯನಗರದ ಗೋಪೀನಾಥ್ ಡಾಕ್ಟ್ರು ಸಾಮಿ.’

‘ಒಳ್ಳೇದು. ಅಲ್ಲೇ ತೋರಿಸಿ. ದೊಡ್ಡಾಸ್ಪತ್ರೆ, ಎಕ್ಸ್‌ರೇ ಅಂತೆಲ್ಲ ಅಲೀಬೇಡಿ, ಸುಮ್ಮನೆ ಅಲ್ಲಿಂದಿಲ್ಲಿಗೆ ಓಡಿಸ್ತಾರೆ. ಬೇಕಾದರೆ ನಮ್ಮ ಮನೆ ಡಾಕ್ಟರಿಗೆ ನಾನೇ ಹೇಳ್ತೀನಿ. ಮತ್ತೆ, ಮಿಲ್ಲಿನವರು ಯಾರಾದ್ರೂ ಬಂದರೆ ಜಾಸ್ತಿ ಮಾತಾಡಿಸಬೇಡಿ. ಹೆದರ್ಕೋತಾರೆ.’ ದನಿ ಇನ್ನೂ ತಗ್ಗಿಸಿ, ‘ನಿಮ್ಮ ಓರಗಿತ್ತಿ ವಿಷಯವೂ ಕೇಳಿದೆ. ಜನ ಎಂಥೆಂಥವರು ಇರ್ತಾರೆ, ಅಲ್ಲವೇ?’ ಎಂದ.

ಕಾರು ಹೋದ ಮೇಲೆ ಬೋರಮ್ಮ ಮೋಸಂಬಿಯ ಪೊಟ್ಟಣವನ್ನು ಮುಂದಿಟ್ಟುಕೊಂಡು ಕೂತಳು. ಅಂಜಿನಯ್ಯ ಅಲ್ಲಿ ದುಡಿದ ಅಷ್ಟು ವರ್ಷದಲ್ಲಿ ಈ ಯಜಮಾನ ಹಬ್ಬಕ್ಕೆ ಒಂದು ಬಾಳೆಹಣ್ಣು ಕೊಟ್ಟವನಲ್ಲ. ಕೆಲಸ ಬಿಟ್ಟ ಕೂಲಿಯವನ ಮನೆಗೆ ಕಾರಿನಲ್ಲಿ ಬಂದ. ಯಾವ ಡಾಕ್ಟರು ಎಂದು ಕೇಳಿದ. ಎಕ್ಸ್‌ರೇ ಬೇಡ ಎಂದ. ಮಿಲ್ಲಿನವರ ಜೊತೆ ಮಾತು ಬೇಡ ಎಂದ. ತನ್ನ ಮನೆಯ ಜಗಳ ಕಾಮಾಕ್ಷಿಪಾಳ್ಯದ ಯಜಮಾನನಿಗೆ ಯಾಕೆ ಬೇಕು?

‘ಹಣ್ಣು ಸುಲಿದು ಕೊಡಮ್ಮಿ’ ಎಂದ ಅಂಜಿನಯ್ಯ.

‘ಮುಟ್ಬೇಡಿ’ ಎಂದಳು ಬೋರಮ್ಮ. ಪೊಟ್ಟಣವನ್ನು ಹಾಗೇ ಎತ್ತಿಕೊಂಡು ಹೋಗಿ ತಿಪ್ಪೆಗೆ ಸುರಿದಳು. ಒಳ್ಳೆಯ ಹಣ್ಣುಗಳೇ ಅವು, ಆಮೇಲೆ ಅವಳಿಗೇ ಬೇಜಾರಾಯಿತು.

ಮಾರನೆಯ ದಿನ ಅವಳು ಕಾಮಾಕ್ಷಿಪಾಳ್ಯಕ್ಕೆ ನಡೆದಳು. ಗಂಡನ ಜೊತೆ ಜರಡಿಯ ಕೆಲಸ ಮಾಡುತ್ತಿದ್ದ ದೊಡ್ಡಹನುಮಯ್ಯ ವರ್ಷದ ಹಿಂದೆ ಕೆಲಸ ಬಿಟ್ಟಿದ್ದ. ಊರಿಗೆ ಹೋದನೆಂದು ಮಿಲ್ಲಿನಲ್ಲಿ ಹೇಳಿದ್ದರು. ಬೋರಮ್ಮ ಅವನ ಮನೆ ವಿಚಾರಿಸಿಕೊಂಡು ಹೋದರೆ, ಅವನು ಊರಿಗೆ ಹೋಗಿರಲಿಲ್ಲ. ಹೆಂಚಿನ ಮನೆಯ ಮೂಲೆಯಲ್ಲಿ, ಎರಡು ದಿಂಬು ಮಂಡಿಯ ಮೇಲಿಟ್ಟುಕೊಂಡು, ಅದರ ಮೇಲೆ ಬಗ್ಗಿ ಕೂತಿದ್ದ. ಮಲಗಿದರೆ ಉಸಿರು ಬರುತ್ತಿರಲಿಲ್ಲವಂತೆ. ಅವನ ಕೆಮ್ಮು ಹೊಸ್ತಿಲಿಗೇ ಕೇಳಿಸಿತು. ತನ್ನ ಮನೆಯ ಕೆಮ್ಮೇ ಅದು.

ಅವನ ಹೆಂಡತಿ ಸಾಕಮ್ಮ ಬಾಗಿಲಲ್ಲೇ ತಡೆದಳು. ‘ಯಾರು ಕಳ್ಸಿದ್ದು ನಿಮ್ಮನ್ನ? ಸಾಹುಕಾರ್ರಾ?’

‘ಯಾರೂ ಕಳಿಸ್ಲಿಲ್ಲ ಕಣವ್ವ. ನಾನು ಅಂಜಿನಯ್ಯನ ಹೆಂಡ್ತಿ. ನಮ್ಮೆಜಮಾನ್ರೂ ಹಿಂಗೇ ಆಗವ್ರೆ.’

ಸಾಕಮ್ಮ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಆಮೇಲೆ ಚಾಪೆ ಹಾಕಿದಳು. ಇವನಿಗೂ ಮದ್ದು ತೆಗೆಸಿದ್ದರು. ಇವನಿಗೂ ಟೀಬಿ ಎಂದು ಇಂಜೆಕ್ಷನ್ ಚುಚ್ಚಿಸಿದ್ದರು. ಇವನ ಮನೆಗೂ ಕಾರು ಬಂದಿತ್ತು. ಬೀಸುವ ಮಿಷನ್ನಿನ ಹತ್ತಿರ ಇದ್ದ ಇನ್ನೊಬ್ಬ ತಮಿಳಿನವನು ಇದೇ ಕೆಮ್ಮಿನಲ್ಲಿ ತೀರಿಕೊಂಡಿದ್ದ.

‘ನಮಗೆ ಮದ್ದು ಹಾಕ್ದೋಳು ನನ್ನ ಓರಗಿತ್ತಿ ಅಂತ ಗೊತ್ತಾಯ್ತು’ ಎಂದಳು ಬೋರಮ್ಮ.

ಸಾಕಮ್ಮ ಗಂಡನ ಮಂಡಿಯ ಮೇಲಿನ ದಿಂಬು ಸರಿಮಾಡಿದಳು. ‘ನಮಗೆ ನಮ್ಮತ್ತೆ ಅಂದ್ರು. ಆ ಮುದುಕಿನ ಮನೆಯಿಂದ ಆಚೆ ಹಾಕಿದ್ವಿ. ಈಗ ನೀವು ಹೇಳಿ, ನಿಮ್ಮ ಓರಗಿತ್ತಿ ನಮ್ಮನೆಗೂ ಬಂದು ಸಾರು ಕೊಟ್ಟೋದ್ಲಾ? ಆ ತಮಿಳ್ನೋನಿಗೆ ಇಲ್ಲಿ ನೆಂಟ್ರೇ ಇರ್ಲಿಲ್ಲ. ಅವನಿಗೆ ಯಾರು ಹಾಕಿದ್ರು?’

ಬೋರಮ್ಮ ಎದ್ದು ಹೊರಟಳು. ವಾಪಸು ಬರುವಾಗ ಬಿಳೀ ಮಿಲ್ಲಿನ ಮುಂದೆಯೇ ದಾರಿ. ನಿಂತು ನೋಡಿದಳು. ಷೆಡ್ಡಿನ ಬಾಗಿಲಿನಿಂದ ಬಿಳಿ ಹೊಗೆಯಂತೆ ಪುಡಿ ಬರುತ್ತಿತ್ತು. ಎದುರಿನ ಹೊಂಗೆಮರದ ಎಲೆಗಳೆಲ್ಲ ಬೆಳ್ಳಗಿದ್ದವು. ಯಜಮಾನನ ಕೋಣೆ ದೂರದಲ್ಲಿತ್ತು, ಗಾಜಿನ ಕಿಟಕಿ ಭದ್ರವಾಗಿ ಮುಚ್ಚಿತ್ತು. ಪುಡಿ ನಷ್ಟವಾಗಬಾರದೆಂದು ಷೆಡ್ಡಿಗೆ ಗೋಣಿ, ಪುಡಿ ಬರಬಾರದೆಂದು ಕೋಣೆಗೆ ಗಾಜು.

ಅವಳು ಗಂಡನನ್ನು ಎದೆರೋಗದ ದೊಡ್ಡಾಸ್ಪತ್ರೆಗೆ ಕರೆದೊಯ್ದಳು. ಎಕ್ಸ್‌ರೇ ತೆಗೆದರು. ಸತ್ಯವತಿ ಎಂಬ ಡಾಕ್ಟರಮ್ಮ ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, ‘ಏನು ಕೆಲಸ ಮಾಡ್ತಾರಮ್ಮ ಇವರು?’ ಎಂದು ಕೇಳಿದರು. ಇಲ್ಲಿಯವರೆಗೆ ಯಾವ ಡಾಕ್ಟರೂ ಅದನ್ನು ಕೇಳಿರಲಿಲ್ಲ.

‘ರಂಗೋಲಿ ಪುಡಿ ಮಿಲ್ಲು.’

‘ಕಲ್ಲು ಬೀಸೋದಾ?’

‘ಹೂಂ. ಬೆಣಚುಕಲ್ಲು.’

ಡಾಕ್ಟರಮ್ಮ ಕುರ್ಚಿ ಎಳೆದುಕೊಂಡು ಅಂಜಿನಯ್ಯನ ಎದುರು ಕೂತರು. ‘ನೋಡಿ ಅಂಜಿನಯ್ಯ, ಆ ಪುಡಿ ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಉಸಿರಿನ ಜೊತೆ ಒಳಗೆ ಹೋಗತ್ತೆ. ಹೋದದ್ದು ಆಚೆ ಬರಲ್ಲ. ಗಾಯ ಆದ ಜಾಗ ಗಟ್ಟಿಯಾಗತ್ತಲ್ಲ, ಹಾಗೆ ಶ್ವಾಸಕೋಶ ಅಲ್ಲಲ್ಲೇ ಗಟ್ಟಿಯಾಗಿದೆ. ಅದಕ್ಕೇ ಉಸಿರು ಎಳೆಯೋಕಾಗ್ತಿಲ್ಲ. ಇದಕ್ಕೆ ಸಿಲಿಕೋಸಿಸ್ ಅಂತಾರೆ. ಇದು ಒಬ್ಬರಿಂದ ಒಬ್ಬರಿಗೆ ಅಂಟಲ್ಲ. ಆದ್ರೆ ಇದು ಇದ್ದವರಿಗೆ ಟೀಬಿ ಬೇಗ ಅಂಟ್ಕೊಳ್ಳತ್ತೆ, ಅದನ್ನ ನಾವು ಮತ್ತೆ ಮತ್ತೆ ಪರೀಕ್ಷೆ ಮಾಡ್ತಾ ಇರ್ತೀವಿ.’

ಬೋರಮ್ಮ ನಂಬಲಿಲ್ಲ. ‘ಕಲ್ಲು ಮೂಗ್ನಲ್ಲಿ ಹೋಯ್ತದಾ ತಾಯಿ? ಯಾರೋ ಊಟದಲ್ಲಿ ಹಾಕಿರೋದು ಅಲ್ವಾ?’

‘ಊಟದಲ್ಲಿ ಹೋದದ್ದು ಹೊಟ್ಟೆಗೆ ಹೋಗತ್ತಮ್ಮ. ಇದು ಎದೆಯಲ್ಲಿದೆ.’

‘ಮತ್ತೆ ಔಷ್ದಿ ಕೊಡಿ.’

ಡಾಕ್ಟರಮ್ಮ ಎಕ್ಸ್‌ರೇಯನ್ನು ಕೆಳಗಿಟ್ಟರು. ‘ಕೆಮ್ಮು ಕಡಿಮೆ ಮಾಡಬಹುದು. ಉಸಿರಾಟ ಸ್ವಲ್ಪ ಹಗುರ ಮಾಡಬಹುದು. ಹೋದದ್ದನ್ನ ತೆಗೆಯೋ ಔಷಧಿ ಇಲ್ಲ.’

ಆ ಮಾತು ಕೇಳಿದ ಮೇಲೆ ಬೋರಮ್ಮ ಅವರನ್ನು ನಂಬಿದಳು. ಮುನಿಯಣ್ಣ ತೆಗೆಯುತ್ತೇನೆ ಎಂದಿದ್ದ, ಇಂಜೆಕ್ಷನ್ನಿನವರು ವಾಸಿ ಮಾಡುತ್ತೇವೆ ಎಂದಿದ್ದರು, ಚಕ್ರಪಾಣಿ ತನ್ನ ಡಾಕ್ಟರಿಗೆ ಹೇಳುತ್ತೇನೆ ಎಂದಿದ್ದ. ಇಲ್ಲ ಎಂದು ಹೇಳಿದವರು ಇವರೊಬ್ಬರೇ. ಸುಳ್ಳು ಹೇಳುವವರು ಹಾಗೆ ಹೇಳುವುದಿಲ್ಲ.

ಅಂಜಿನಯ್ಯ ಮಾತ್ರ ಯಾವಾಗಿನ ಹಾಗೆ, ‘ಆಯ್ತು ಬಿಡಿ’ ಎಂದ.

ಅವಳು ಮಿಲ್ಲಿಗೆ ಹೋಗಿ ಚಕ್ರಪಾಣಿಯನ್ನು ಕೇಳಿದಳು. ಅವನು ದನಿ ಏರಿಸಲಿಲ್ಲ. ‘ನೋಡಮ್ಮಾ, ನಾನೂ ಇಲ್ಲೇ ಇರ್ತೀನಲ್ಲ, ನನಗೇನಾಗಿದೆ? ರಂಗೋಲಿ ಪುಡಿಯಿಂದ ಯಾರಾದ್ರೂ ಸಾಯ್ತಾರಾ? ಯಾರೋ ನಿಮ್ಮ ತಲೆ ಕೆಡಿಸಿದಾರೆ.’

‘ಹಂಗಾದ್ರೆ ಆ ಗಾಜಿನ ಕಿಟ್ಕಿ ತೆಗ್ದು ಕೂತ್ಕೊಳ್ಳಿ ಸಾಮಿ. ಒಂದು ದಿನ.’

ಚಕ್ರಪಾಣಿ ಗೇಟಿನವನನ್ನು ಕರೆದ.

ಡಾಕ್ಟರಮ್ಮ ಹೇಳಿಕಳಿಸಿದರೋ ಏನೋ, ಸರ್ಕಾರದವರೊಬ್ಬರು ಮಿಲ್ಲು ನೋಡಲು ಬಂದರು. ಬರುವ ಸುದ್ದಿ ಮೊದಲೇ ಮುಟ್ಟಿತ್ತು. ಅಂದು ನೆಲಕ್ಕೆ ನೀರು ಚಿಮುಕಿಸಿ, ಮಿಷನ್ನು ಕೆಟ್ಟಿದೆ ಎಂದು ನಿಲ್ಲಿಸಿ, ಆಳುಗಳಿಗೆಲ್ಲ ಮೂಗಿಗೆ ಕಟ್ಟಿಕೊಳ್ಳಲು ಹೊಸ ಬಟ್ಟೆ ಕೊಟ್ಟಿದ್ದರು. ಬಂದವರು ನೋಡಿಕೊಂಡು ಹೋದರು. ಸಂಜೆ ಬಟ್ಟೆಗಳನ್ನು ವಾಪಸು ತೆಗೆದುಕೊಂಡರು.

ಬೋರಮ್ಮ ಮಿಲ್ಲಿನ ಆಳುಗಳ ಮನೆಮನೆಗೆ ಹೋಗಿ ಹೇಳಿದಳು. ಕೆಲವರು ಕೇಳಿಸಿಕೊಂಡರು. ಹೆಚ್ಚಿನವರು ಬಾಗಿಲು ಮುಂದೆ ಮಾಡಿದರು. ‘ಇವ್ಳು ಓರಗಿತ್ತಿ ಮದ್ದು ಹಾಕಿದ್ಲು ಅಂತ ಊರೆಲ್ಲ ಸಾರಿದೋಳು. ಈಗ ಸಾಹುಕಾರ ಹಾಕ್ದ ಅಂತಾಳೆ. ನಾಳೆ ನಾವು ಹಾಕಿದ್ವಿ ಅಂತಾಳೆ’ ಎಂದರು. ಇಬ್ಬರು ಮಾತ್ರ ಕೆಲಸ ಬಿಟ್ಟರು. ಅವರ ಜಾಗಕ್ಕೆ ಬೇರೆ ಇಬ್ಬರು ಬಂದರು.

ಎಪ್ಪತ್ತಾರರ ಕೊನೆಯ ಹೊತ್ತಿಗೆ ಅಂಜಿನಯ್ಯನೂ ದೊಡ್ಡಹನುಮಯ್ಯನಂತೆ ದಿಂಬಿನ ಮೇಲೆ ಬಗ್ಗಿ ಕೂರತೊಡಗಿದ. ಮಾತಾಡಲು ಉಸಿರು ಸಾಲುತ್ತಿರಲಿಲ್ಲ. ಒಂದು ಬೆಳಿಗ್ಗೆ ಗೋಡೆಯ ಕಡೆ ಬೆರಳು ತೋರಿಸಿ ಹೇಳಿದ: ‘ಅತ್ಗೆ... ಕರಿ.’

ಲಕ್ಷ್ಮಿದೇವಮ್ಮ ಈ ಮನೆಗೆ ಸೊಸೆಯಾಗಿ ಬಂದಾಗ ಅಂಜಿನಯ್ಯನಿನ್ನೂ ಚಿಕ್ಕವನು. ತಾಯಿ ಇರಲಿಲ್ಲ. ತಲೆಗೆ ಎಣ್ಣೆ ತಟ್ಟಿ ಅನ್ನ ಹಾಕಿ ಬೆಳೆಸಿದವಳು ಅವಳೇ. ಬೋರಮ್ಮನಿಗೆ ಅದು ಗೊತ್ತಿಲ್ಲದ್ದಲ್ಲ. ಆಸ್ಪತ್ರೆಯಿಂದ ಬಂದ ದಿನದಿಂದಲೂ ಆ ಗೋಡೆಯ ಆಚೆ ಹೋಗಬೇಕೆಂದು ಅಂದುಕೊಂಡು, ದಿನವೂ ಏನೋ ಒಂದು ಕೆಲಸ ಹಚ್ಚಿಕೊಳ್ಳುತ್ತಿದ್ದಳು. ಈಗ ಬೀದಿಯಿಂದ ಸುತ್ತಿ ಬಳಸಿ ಆ ಬಾಗಿಲಿಗೆ ಹೋಗಿ ನಿಂತಳು.

‘ಅಕ್ಕಾ.’

ಲಕ್ಷ್ಮಿದೇವಮ್ಮ ಎಮ್ಮೆಗೆ ಹಿಂಡಿ ಕಲಸುತ್ತಿದ್ದಳು, ತಲೆ ಎತ್ತಲಿಲ್ಲ. ‘ಇನ್ನೇನು ಹೊರ್ಸಕ್ಕೆ ಬಂದಿದ್ದೀಯ?’

‘ನಂದು ತಪ್ಪಾಯ್ತು. ಮದ್ದಲ್ಲ ಅದು. ಮಿಲ್ಲಿನ ಕಲ್ಲು.’

‘ಅದು ನನಗೆ ಆವತ್ತೇ ಗೊತ್ತಿತ್ತು, ನಾನು ಹಾಕ್ಲಿಲ್ಲ ಅಂತ. ಹೊಸ ವಿಷ್ಯ ಏನಾರ ಇದ್ರೆ ಹೇಳು.’

‘ಅವ್ರು ನಿಮ್ಮನ್ನ ಕರೀತಾವ್ರೆ.’

ಲಕ್ಷ್ಮಿದೇವಮ್ಮ ಬಕೆಟ್ಟಿನಲ್ಲಿ ಕೈ ತೊಳೆದು ಎದ್ದಳು. ಬರುವಾಗ ಅಡುಗೆಮನೆಯಿಂದ ಏನನ್ನೂ ತೆಗೆದುಕೊಳ್ಳಲಿಲ್ಲ. ಬರಿಗೈ ಎರಡನ್ನೂ ಬೋರಮ್ಮನ ಮುಂದೆ ಚಾಚಿ, ತಿರುಗಿಸಿ ತೋರಿಸಿದಳು. ‘ನೋಡ್ಕೋ. ಸೆರಗಲ್ಲೂ ಏನಿಲ್ಲ.’

ಬೋರಮ್ಮನ ಒಲೆಯಲ್ಲಿ, ಬೋರಮ್ಮನದೇ ರಾಗಿ ಹಿಟ್ಟಿನಲ್ಲಿ ಲಕ್ಷ್ಮಿದೇವಮ್ಮ ಗಂಜಿ ಕಾಯಿಸಿದಳು. ‘ಇಲ್ಲೇ ನಿಂತ್ಕೋ. ಕಣ್ಣು ತೆಗೀಬೇಡ’ ಎಂದಳು. ಗಂಜಿ ಆದ ಮೇಲೆ ಒಂದು ಲೋಟ ತುಂಬಿ, ‘ಮೊದಲು ನೀನು ಕುಡಿ’ ಎಂದಳು. ಬೋರಮ್ಮ ಕುಡಿದಳು. ಕಣ್ಣೀರು ಗಂಜಿಗೆ ಬಿದ್ದಿತು. ಆಮೇಲೆ ಲಕ್ಷ್ಮಿದೇವಮ್ಮ ಮೈದುನನ ಪಕ್ಕ ಕೂತು, ಚಮಚದಿಂದ ಸ್ವಲ್ಪ ಸ್ವಲ್ಪವೇ ಕುಡಿಸಿದಳು. ಅವನು ಎರಡು ಗುಟುಕಿಗೊಮ್ಮೆ ನಿಲ್ಲಿಸಿ ಉಸಿರೆಳೆದುಕೊಳ್ಳುತ್ತಿದ್ದ. ಅವಳು ಅವಸರ ಮಾಡಲಿಲ್ಲ. ಅಂದಿನಿಂದ ದಿನಾ ಬಂದಳು. ಆದರೆ ತನ್ನ ಮನೆಯಿಂದ ಒಂದು ಹಿಡಿ ಉಪ್ಪನ್ನೂ ಆ ಮನೆಗೆ ತರಲಿಲ್ಲ.

ಸಂಕ್ರಾಂತಿ ಕಳೆದು ಸ್ವಲ್ಪ ದಿನಕ್ಕೆ ಅಂಜಿನಯ್ಯ ತೀರಿಕೊಂಡ. ಮಿಲ್ಲಿನಿಂದ ಯಾರೂ ಬರಲಿಲ್ಲ. ಟೀಬಿಯಿಂದ ಸತ್ತ ಎಂದೇ ಊರಲ್ಲಿ ಮಾತಾಯಿತು. ಹೆಣ ಎತ್ತಲು ಜನ ಹಿಂದೆ ಮುಂದೆ ನೋಡಿದಾಗ ಕೆಂಚಪ್ಪ ತಾನೇ ಮುಂದೆ ಬಂದು ಹೆಗಲು ಕೊಟ್ಟ.

ಬೋರಮ್ಮ ಆಮೇಲೆ ಸೊಪ್ಪು ಮಾರತೊಡಗಿದಳು. ವಿಜಯನಗರ, ಬಸವೇಶ್ವರನಗರದ ಹೊಸ ಮನೆಗಳ ಮುಂದೆ ಬುಟ್ಟಿ ಇಳಿಸುತ್ತಿದ್ದಳು. ವತ್ಸಲಾ ಎಂಬ ಟೀಚರಮ್ಮನ ಮನೆಯಲ್ಲಿ ಅವಳಿಗೆ ದಿನಾ ಒಂದು ಲೋಟ ಕಾಫಿ ಇರುತ್ತಿತ್ತು. ಒಂದು ದಿನ ಅವರು ಸಂತೋಷದಿಂದ ಹೇಳಿದರು: ‘ಗೊತ್ತಾಯ್ತೇನಮ್ಮಾ? ಬಿಳೀ ಮಿಲ್ಲು ಹೋಗತ್ತಂತೆ. ಒಣಗಿ ಹಾಕಿದ ಬಟ್ಟೆ ಮೇಲೆಲ್ಲ ಪುಡಿ ಕೂರತ್ತೆ ಅಂತ ನಾವೆಲ್ಲ ಸೇರಿ ಅರ್ಜಿ ಕೊಟ್ಟಿದ್ವಿ.’

‘ಎಲ್ಲಿಗೆ ಹೋಗ್ತದಂತೆ?’ ಬೋರಮ್ಮ ಕೇಳಿದಳು.

‘ಕೆಂಗೇರಿ ಆಚೆ ಎಲ್ಲೋ. ಅಲ್ಲಿ ಮನೆಗಳಿಲ್ಲ.’

ಕೆಂಗೇರಿಯ ಆಚೆ ಮನೆಗಳಿವೆ ಎಂದು ಬೋರಮ್ಮನಿಗೆ ಗೊತ್ತಿತ್ತು. ಕಾಫಿ ಅರ್ಧಕ್ಕೇ ಬಿಟ್ಟು ಬುಟ್ಟಿ ಹೊತ್ತಳು. ಟೀಚರಮ್ಮನ ಮೇಲೆ ಸಿಟ್ಟು ಬಂತೋ ಇಲ್ಲವೋ ಅವಳಿಗೇ ತಿಳಿಯಲಿಲ್ಲ. ಅವರ ಬಟ್ಟೆಯ ಮೇಲೆ ಪುಡಿ ಕೂತದ್ದೂ ನಿಜವೇ.

ಮಿಲ್ಲು ಅಲ್ಲಿ ಶುರುವಾದ ಸುದ್ದಿ ಬಂದ ಮೇಲೆ ಅವಳು ಅಲ್ಲಿನವರನ್ನು ಎಚ್ಚರಿಸಲು ಹೊರಟಳು. ಒಬ್ಬಳೇ ಹೋದರೆ ಯಾರೂ ನಂಬುವುದಿಲ್ಲ ಎಂದು ಅನುಭವದಿಂದ ಗೊತ್ತಿತ್ತು. ಲಕ್ಷ್ಮಿದೇವಮ್ಮನನ್ನು ಕರೆದಳು. ಅವಳು ‘ನಾನ್ಯಾಕೆ ಬರ್ಲಿ’ ಎಂದವಳು, ಬಸ್ಸಿನ ಹೊತ್ತಿಗೆ ಚಪ್ಪಲಿ ಮೆಟ್ಟಿ ಬಂದು ನಿಂತಿದ್ದಳು.

ಹೊಸ ಷೆಡ್ಡಿನ ಹತ್ತಿರದ ಹಳ್ಳಿಯಲ್ಲಿ ಬಾವಿಯಿಂದ ನೀರು ಸೇದುತ್ತಿದ್ದ ಹೆಂಗಸರು ಇವರ ಮಾತು ಕೇಳಿ ಹುಬ್ಬು ಗಂಟಿಕ್ಕಿದರು. ಒಬ್ಬಳು ಕೇಳಿಯೇಬಿಟ್ಟಳು: ‘ನೀವ್ಯಾರು? ನಮ್ಮ ಗಂಡಸ್ರು ಕೆಲಸಕ್ಕೆ ಹೋದ್ರೆ ನಿಮಗೇನು ಉರಿ? ಯಾರು ಕಾಸು ಕೊಟ್ಟು ಕಳ್ಸವ್ರೆ?’

ಬೋರಮ್ಮ ಲಕ್ಷ್ಮಿದೇವಮ್ಮನ ಕಡೆ ತಿರುಗಿದಳು. ತಾನೇ ಆ ಜಾಗದಲ್ಲಿದ್ದರೂ ಅದನ್ನೇ ಕೇಳುತ್ತಿದ್ದಳು.

ಲಕ್ಷ್ಮಿದೇವಮ್ಮ ಮುಂದೆ ಬಂದಳು. ‘ಇವಳ ಗಂಡನಿಗೆ ನಾನು ಮದ್ದು ಹಾಕ್ದೆ ಅಂತ ಇವಳು ಊರಿಗೆಲ್ಲ ಸಾರಿದ್ಲು. ನಾನು ಸಾಕಿದ ಹುಡ್ಗ ಅವ್ನು. ಇವಳ ಪರ ಮಾತಾಡೋಕೆ ನನಗೆ ಯಾರು ಎಷ್ಟು ಕಾಸು ಕೊಟ್ರೂ ಸಾಲದು. ನಿಮ್ಮ ಗಂಡಸ್ರಿಗೆ ಕೆಮ್ಮು ಬಂದ್ರೆ, ಏದುಸ್ರು ಬಂದ್ರೆ, ಯಾವ ಓರಗಿತ್ತಿ ಮೇಲೂ ಹೋಗ್ಬೇಡಿ. ಸೀದಾ ದೊಡ್ಡಾಸ್ಪತ್ರೆಗೆ ಹೋಗಿ ಎದೆ ಫೋಟೋ ತೆಗ್ಸಿ. ಮಾರೇನಹಳ್ಳಿಯಿಂದ ಇಷ್ಟೇ ಹೇಳೋಕೆ ಬಂದಿದ್ದು.’

ಹೆಂಗಸರು ಮತ್ತೆ ನೀರು ಸೇದತೊಡಗಿದರು. ಕಾಸಿನ ಮಾತಾಡಿದ ಹೆಂಗಸು ಕೊಡ ಎತ್ತಿಕೊಂಡು ಹೊರಟುಹೋದಳು. ಇಬ್ಬರೂ ಬಸ್ಸಿಗೆ ಕಾಯುತ್ತ ರಸ್ತೆಯ ಪಕ್ಕದ ಕಲ್ಲಿನ ಮೇಲೆ ಕೂತರು.

‘ನಂಬಿದ್ರಾ ಅಕ್ಕ?’

‘ನೀನಾಗಿದ್ರೆ ನಂಬ್ತಿದ್ದಾ?’

ಮುಂದಿನ ಮಳೆಗಾಲದಲ್ಲಿ ಆ ಹೆಂಗಸೇ ಮಾರೇನಹಳ್ಳಿಗೆ ವಿಚಾರಿಸಿಕೊಂಡು ಬಂದಳು. ಜೊತೆಯಲ್ಲಿ ಗಂಡನಿದ್ದ. ಇನ್ನೂ ಗಟ್ಟಿಮುಟ್ಟಾಗಿದ್ದ, ಒಣ ಕೆಮ್ಮು ಮಾತ್ರ ಈಗ ತಾನೇ ಶುರುವಾಗಿತ್ತು. ಆಸ್ಪತ್ರೆಗೆ ಯಾವ ಬಸ್ಸು ಎಂದು ಕೇಳಿದಳು. ಹೇಳಿದರೆ ತಿಳಿಯುವುದಿಲ್ಲವೆಂದು ಬೋರಮ್ಮ ಸೊಪ್ಪಿನ ಬುಟ್ಟಿಯನ್ನು ಜಗುಲಿಯ ಮೇಲಿಟ್ಟು, ಮೇಲೊಂದು ಒದ್ದೆ ಗೋಣಿ ಹೊದಿಸಿ, ಅವರ ಜೊತೆ ತಾನೇ ಹೊರಟಳು.